ಬೋಮ್ ಮತ್ತು ಹೈಲಿಯವರ 'ದಿ ಅನ್‌ಡಿವೈಡೆಡ್ ಯೂನಿವರ್ಸ್': ಪೆನ್ಸಿಲ್ ಹಿಡಿದು ಓದಬೇಕಾದ ಪುಸ್ತಕ

ಭೌತವಿಜ್ಞಾನಿ ಡೇವಿಡ್ ಬೋಮ್ ಹೆಸರನ್ನು ನಮ್ಮಲ್ಲಿ ಅನೇಕರು ಮೊದಲು ಕೇಳಿರುವುದು ಜೆ. ಕೃಷ್ಣಮೂರ್ತಿಯವರ ಜೊತೆಗಿನ ಸಂವಾದಗಳ ಮೂಲಕ. ಆ ಗುಂಗಿನಲ್ಲಿ ಈ ಪುಸ್ತಕ ತರಿಸಿಕೊಂಡರೆ ಮೂರನೇ ಅಧ್ಯಾಯದ ಹೊತ್ತಿಗೆ ನಿರಾಸೆ ಖಂಡಿತ. ಇದು ಚಿಂತನೆಯ ಪುಸ್ತಕವಲ್ಲ, ಭೌತಶಾಸ್ತ್ರದ ಪುಸ್ತಕ. ಕ್ವಾಂಟಂ ಅಲೆ ಕಾಲದ ಜೊತೆ ಹೇಗೆ ಬದಲಾಗುತ್ತದೆ ಎಂದು ಹೇಳುವ ಶ್ರೋಡಿಂಗರ್ ಸಮೀಕರಣ ಬರೆದು, ಅದನ್ನು ಎರಡು ತುಂಡು ಮಾಡಿ, ಒಂದೊಂದು ತುಂಡಿನಿಂದ ಏನೇನು ಹೊರಡುತ್ತದೆ ಎಂದು ನೋಡುತ್ತಾ ಹೋಗುತ್ತದೆ. ಎಂ.ಎಸ್ಸಿ. ಮಟ್ಟದ ಕ್ವಾಂಟಂ ಮೆಕ್ಯಾನಿಕ್ಸ್ ಗೊತ್ತಿದ್ದವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗೊತ್ತಿಲ್ಲದವರು ಮೊದಲೆರಡು ಮತ್ತು ಕೊನೆಯ ಅಧ್ಯಾಯ ಓದಿ ಕಪಾಟಿನಲ್ಲಿ ಇಡುತ್ತಾರೆ.

ಪ್ರಕಾಶಕರು ರೌಟ್ಲೆಜ್, ವರ್ಷ 1993, ಸುಮಾರು 400 ಪುಟ, 15 ಅಧ್ಯಾಯ. ಬೋಮ್ ತೀರಿಕೊಂಡದ್ದು 1992ರ ಅಕ್ಟೋಬರ್ 27ರಂದು. ಅಚ್ಚಾದ ಪ್ರತಿಯನ್ನು ಅವರು ನೋಡಲಿಲ್ಲ. ಜೊತೆ ಲೇಖಕ ಬೇಸಿಲ್ ಹೈಲಿ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಅವರ ದೀರ್ಘಕಾಲದ ಸಹೋದ್ಯೋಗಿ. ಹಾಗಾಗಿ ಬೋಮ್ ತಮ್ಮ ಕಾರ್ಯಕಾರಣ ವ್ಯಾಖ್ಯಾನದ (ಕಣಕ್ಕೆ ನಿಶ್ಚಿತ ಪಥವಿದೆ, ಅಲೆ ಅದಕ್ಕೆ ದಾರಿ ತೋರುತ್ತದೆ ಎನ್ನುವ ವ್ಯಾಖ್ಯಾನದ) ಬಗ್ಗೆ ಕೊನೆಗೆ ಯಾವ ನಿಲುವಿಗೆ ಬಂದಿದ್ದರು ಎಂದು ತಿಳಿಯಲು ಇದಕ್ಕಿಂತ ನೇರವಾದ ದಾಖಲೆ ಇಲ್ಲ.

ಹಿನ್ನೆಲೆ ಇಷ್ಟು. 1927ರ ಸಾಲ್ವೇ ಸಮ್ಮೇಳನದಲ್ಲಿ ಲೂಯಿ ಡಿ ಬ್ರಾಗ್ಲಿ, ಅಲೆಯೊಂದು ಕಣಕ್ಕೆ ದಾರಿ ತೋರುತ್ತದೆ ಎಂಬ ಪೈಲಟ್ ವೇವ್ ಕಲ್ಪನೆ ಮಂಡಿಸಿ, ಪೌಲಿಯ ಆಕ್ಷೇಪಗಳ ನಂತರ ಕೈಬಿಟ್ಟರು. 1932ರಲ್ಲಿ ವಾನ್ ನ್ಯೂಮನ್ ಇಂಥ ಸಿದ್ಧಾಂತ ಸಾಧ್ಯವೇ ಇಲ್ಲವೆಂದು ಗಣಿತದ ಮುದ್ರೆ ಒತ್ತಿದರು ಎಂದು ಎಲ್ಲರೂ ನಂಬಿದರು. 1952ರಲ್ಲಿ ಬೋಮ್ 'ಫಿಸಿಕಲ್ ರಿವ್ಯೂ'ನಲ್ಲಿ ಎರಡು ಲೇಖನ ಬರೆದು ಅಂಥದ್ದೇ ಸಿದ್ಧಾಂತವನ್ನು ಎದುರಿಗಿಟ್ಟರು. ಆ ಲೇಖನಗಳು ಅಚ್ಚಾಗುವ ಹೊತ್ತಿಗೆ ಅಮೆರಿಕದ ರಾಜಕೀಯ ಬೇಟೆಯಿಂದ ಪ್ರಿನ್ಸ್‌ಟನ್ನಿನ ಕೆಲಸ ಹೋಗಿ ಅವರು ಬ್ರೆಜಿಲ್ಲಿನ ಸಾವೋ ಪಾಲೋ ಸೇರಿದ್ದರು. ಐನ್‌ಸ್ಟೈನ್‌ಗೂ ಇದು ಹಿಡಿಸಲಿಲ್ಲ. ಮ್ಯಾಕ್ಸ್ ಬಾರ್ನ್‌ಗೆ ಬರೆದ ಕಾಗದದಲ್ಲಿ ಈ ದಾರಿ ತೀರಾ ಅಗ್ಗ ಎಂದರು. ಮುಂದೆ ಬೋಮ್ ಸ್ವತಃ ಹಲವು ವರ್ಷ ಈ ಕೆಲಸದಿಂದ ದೂರವಿದ್ದರು. 1979ರಲ್ಲಿ ಫಿಲಿಪ್ಪಿಡಿಸ್, ಡ್ಯೂಡ್ನಿ ಮತ್ತು ಹೈಲಿ ಎರಡು ಸೀಳಿನ ಪ್ರಯೋಗಕ್ಕೆ (ಎರಡು ಸೀಳುಗಳ ಮೂಲಕ ಹಾಯ್ದ ಕಣಗಳು ಪರದೆಯ ಮೇಲೆ ಪಟ್ಟಿಪಟ್ಟಿಯಾಗಿ ಬೀಳುವ ಪ್ರಯೋಗ) ಕಣಗಳ ಪಥಗಳನ್ನು ಕಂಪ್ಯೂಟರಿನಲ್ಲಿ ಎಳೆದು ತೋರಿಸಿದ ಮೇಲೆ ವಿಷಯಕ್ಕೆ ಮತ್ತೆ ಜೀವ ಬಂತು. ಪುಸ್ತಕ ಆ ಎರಡನೇ ಸುತ್ತಿನ ಫಲ.

ಹೆಸರು ಬದಲಾದದ್ದನ್ನು ಗಮನಿಸಿ. 1952ರ ಲೇಖನಗಳ ಶೀರ್ಷಿಕೆಯಲ್ಲಿ 'ಹಿಡನ್ ವೇರಿಯಬಲ್ಸ್' (ಮರೆಯಲ್ಲಿರುವ ಚರಾಂಕಗಳು) ಇತ್ತು, ಆಮೇಲೆ 'ಕಾಸಲ್' (ಕಾರ್ಯಕಾರಣದ), ಇಲ್ಲಿ 'ಆಂಟಾಲಾಜಿಕಲ್' (ಇರುವಿಕೆಯ ಕುರಿತಾದ). ಇದು ಪದಗಳ ಶೋಕಿಯಲ್ಲ. ಎಲ್ಲವೂ ಪೂರ್ವನಿಶ್ಚಿತ ಎಂದು ಸಾಧಿಸುವುದು ಲೇಖಕರ ಗುರಿಯೇ ಅಲ್ಲ; ಅಳೆಯುವವರು ಇರಲಿ ಬಿಡಲಿ, ಅಲ್ಲಿ ಏನಿದೆ ಎಂದು ಹೇಳುವುದು ಗುರಿ. ಒಂಬತ್ತನೇ ಅಧ್ಯಾಯದಲ್ಲಿ ಅವರೇ ಕಣಕ್ಕೆ ಯಾದೃಚ್ಛಿಕ ಚಲನೆ ಕೊಡುತ್ತಾರೆ. ಹಳೆಯ ಕಾಲದ ನಿಯತಿವಾದವನ್ನು ಮರಳಿ ತರುವ ಹಟ ಎಂದು ಬೋಮ್‌ರನ್ನು ತಳ್ಳಿಹಾಕುವವರು ಈ ಅಧ್ಯಾಯವನ್ನು ತೆರೆದು ನೋಡಿರುವುದಿಲ್ಲ.

ಇನ್ನು ಒಳಗಿನ ಸರಕು. ಕ್ವಾಂಟಂ ಅಲೆಯನ್ನು ವರ್ಣಿಸುವ ವೇವ್ ಫಂಕ್ಷನ್ನನ್ನು ಎರಡು ನಿಜಸಂಖ್ಯೆಯ ಫಂಕ್ಷನ್ನುಗಳಾಗಿ ಬರೆಯಿರಿ: ಅಲೆಯ ಎತ್ತರ 'ಆರ್', ಅದರ ಫೇಸ್ 'ಎಸ್' ಭಾಗಿಸು ಹೆಚ್-ಬಾರ್ (ಪ್ಲಾಂಕ್ ಸ್ಥಿರಾಂಕ ಭಾಗಿಸು ಎರಡು ಪೈ). ಶ್ರೋಡಿಂಗರ್ ಸಮೀಕರಣದಲ್ಲಿ ಇಟ್ಟು ನಿಜ ಮತ್ತು ಕಾಲ್ಪನಿಕ ಭಾಗ ಬೇರೆ ಮಾಡಿದರೆ ಎರಡು ಸಮೀಕರಣ ಸಿಗುತ್ತವೆ. ಒಂದು, 'ಆರ್' ವರ್ಗದ ಒಟ್ಟು ಮೊತ್ತ ಕಳೆದುಹೋಗುವುದಿಲ್ಲ ಎನ್ನುವುದು. ಇನ್ನೊಂದು ನ್ಯೂಟನ್ ಕಾಲದ ಬಗೆಯ ಚಲನೆಗೆ ಬಳಸುವ ಹಳೆಯ ಹ್ಯಾಮಿಲ್ಟನ್–ಯಾಕೋಬಿ ಸಮೀಕರಣವೇ, ಆದರೆ ಒಂದು ಪದ ಹೆಚ್ಚು. ಆ ಹೆಚ್ಚುವರಿ ಪದವೇ ಕ್ವಾಂಟಂ ಪೊಟೆನ್ಷಿಯಲ್: 'ಆರ್'ನ ಲಾಪ್ಲಾಸಿಯನ್ನನ್ನು (ಮೂರೂ ದಿಕ್ಕಿನ ಎರಡನೇ ಡೆರಿವೆಟಿವ್‌ಗಳ ಮೊತ್ತ) 'ಆರ್'ನಿಂದಲೇ ಭಾಗಿಸಿ, ಹೆಚ್-ಬಾರ್ ವರ್ಗದಿಂದ ಗುಣಿಸಿ, ದ್ರವ್ಯರಾಶಿಯ ಎರಡರಷ್ಟರಿಂದ ಭಾಗಿಸಿ, ಮುಂದೆ ಋಣ ಚಿಹ್ನೆ. ಕಣದ ವೇಗ ಎಂದರೆ 'ಎಸ್'ನ ಗ್ರೇಡಿಯೆಂಟನ್ನು (ದಿಕ್ಕುದಿಕ್ಕಿಗೆ ಬದಲಾಗುವ ದರ) ದ್ರವ್ಯರಾಶಿಯಿಂದ ಭಾಗಿಸಿದ್ದು.

ಈ ಹಂತದಲ್ಲಿ ಪುಸ್ತಕ ಮುಚ್ಚಿಟ್ಟು ಹೈಡ್ರೋಜನ್ನಿನ ತಳಮಟ್ಟದ ಸ್ಥಿತಿಗೆ ಲೆಕ್ಕ ಮಾಡುವುದು ಒಳ್ಳೆಯದು, ಹತ್ತು ನಿಮಿಷದ ಕೆಲಸ. ಅಲ್ಲಿ 'ಆರ್' ಕೇಂದ್ರದಿಂದ ದೂರ ಹೋದಂತೆ ಎಕ್ಸ್‌ಪೊನೆನ್ಷಿಯಲ್ ಆಗಿ ಇಳಿಯುತ್ತದೆ. 'ಎಸ್' ಎಲ್ಲ ಕಡೆ ಒಂದೇ, ಕಾಲದ ಜೊತೆ ಮಾತ್ರ ಬದಲಾಗುತ್ತದೆ. ಲಾಪ್ಲಾಸಿಯನ್ ತೆಗೆದರೆ ಎರಡು ಪದ ಹೊರಡುತ್ತವೆ. ಒಂದು ಸ್ಥಿರಾಂಕ, ಬೋರ್ ತ್ರಿಜ್ಯ ಹಾಕಿ ಸಂಖ್ಯೆಗೆ ಇಳಿಸಿದರೆ ಮೈನಸ್ 13.6 ಎಲೆಕ್ಟ್ರಾನ್‌ವೋಲ್ಟ್. ಇನ್ನೊಂದು ದೂರಕ್ಕೆ ವಿಲೋಮವಾದ ಧನ ಪದ, ಕೂಲಂಬ್ ಪೊಟೆನ್ಷಿಯಲ್ಲಿಗೆ ಸರಿಯಾಗಿ ಸಮ ಮತ್ತು ವಿರುದ್ಧ. ಎರಡನ್ನೂ ಕೂಡಿಸಿದರೆ ಕೂಲಂಬ್ ಸೆಳೆತ ಹೊಡೆದುಹೋಗಿ ಮೈನಸ್ 13.6 ಉಳಿಯುತ್ತದೆ. ಎಂದರೆ ಈ ಸ್ಥಿತಿಯಲ್ಲಿ, ಸ್ಪಿನ್ (ಕಣಕ್ಕೆ ಸಹಜವಾಗಿರುವ ಕೋನೀಯ ಸಂವೇಗ) ಬಿಟ್ಟು ನೋಡಿದರೆ, ಎಲೆಕ್ಟ್ರಾನ್ ನ್ಯೂಕ್ಲಿಯಸ್ಸನ್ನು ಸುತ್ತುತ್ತಿಲ್ಲ, ಒಳಗೂ ಬೀಳುತ್ತಿಲ್ಲ, ಇದ್ದಲ್ಲೇ ನಿಂತಿದೆ. ಬಹಳ ಜನರಿಗೆ ಇಲ್ಲೇ ಮುಜುಗರವಾಗುತ್ತದೆ. ಪೆಟ್ಟಿಗೆಯೊಳಗಿನ ಕಣ ನಿಂತಿದೆ ಎನ್ನುವುದು ಐನ್‌ಸ್ಟೈನ್‌ರ ಆಕ್ಷೇಪವೂ ಆಗಿತ್ತು. ಅದಕ್ಕೆ ಉತ್ತರ ಸರಳ: ಸಂವೇಗ ಅಳೆಯಬೇಕಾದರೆ ಪೆಟ್ಟಿಗೆಯ ಗೋಡೆ ತೆಗೆಯಬೇಕು, ತೆಗೆದ ಕೂಡಲೇ ಅಲೆ ಹರಡುತ್ತದೆ, ಕ್ವಾಂಟಂ ಪೊಟೆನ್ಷಿಯಲ್ಲಿನಲ್ಲಿ ಕೂಡಿಟ್ಟ ಶಕ್ತಿ ಚಲನ ಶಕ್ತಿಯಾಗಿ ಹೊರಬರುತ್ತದೆ. ಉಪಕರಣ ತೋರಿಸುವುದು ಆ ಹೊರಬಂದ ವೇಗವನ್ನು.

ಕ್ವಾಂಟಂ ಪೊಟೆನ್ಷಿಯಲ್ಲಿನ ಸೂತ್ರದಲ್ಲಿ 'ಆರ್' ಮೇಲೆಯೂ ಇದೆ, ಕೆಳಗೆಯೂ ಇದೆ. ಅಲೆಯನ್ನು ಸಾವಿರ ಪಟ್ಟು ಹೆಚ್ಚಿಸಿದರೂ ಸಾವಿರ ಪಟ್ಟು ತಗ್ಗಿಸಿದರೂ ಅದು ಬದಲಾಗದು. ಅಲೆಯ ಆಕಾರ ಮಾತ್ರ ಲೆಕ್ಕಕ್ಕೆ. ನೀರಿನ ಅಲೆ ಬೆಂಡನ್ನು ಎತ್ತಿಹಾಕುವ ಹಾಗಲ್ಲ ಇದು. ಬೋಮ್ ಕೊಡುವ ಹೋಲಿಕೆ ಹಡಗಿನದು: ಹಡಗು ಸಾಗುವುದು ತನ್ನ ಎಂಜಿನ್ನಿನ ಬಲದಿಂದ, ತಿರುಗುವುದು ರೇಡಾರ್ ಅಲೆ ತಂದ ಮಾಹಿತಿಯಿಂದ. ಈ ಮಾಹಿತಿಗೆ ಅವರಿಟ್ಟ ಹೆಸರು 'ಆಕ್ಟಿವ್ ಇನ್ಫರ್ಮೇಶನ್'. 1952ರಲ್ಲಿ ಈ ಮಾತೇ ಇರಲಿಲ್ಲ. ಆಗ ಅದು ಇನ್ನೊಂದು ಬಲ ಅಷ್ಟೇ. ಕೊನೆಗಾಲದ ಬೋಮ್‌ರನ್ನು ಮೊದಲಿನ ಬೋಮ್‌ರಿಂದ ಬೇರೆ ಮಾಡುವ ಗೆರೆ ಇದೇ.

ಆ ಹೋಲಿಕೆ ಎಷ್ಟು ದೂರ ಬರುತ್ತದೆ? ಅರ್ಧ ದಾರಿ. ಹಡಗಿನಲ್ಲಿ ರೇಡಾರ್ ಓದುವ ಯಂತ್ರವಿದೆ, ಚುಕ್ಕಾಣಿ ಇದೆ. ಎಲೆಕ್ಟ್ರಾನಿನಲ್ಲಿ ಓದುವವರು ಯಾರು? ಕಣಕ್ಕೂ ಒಳರಚನೆ ಇರಬಹುದು, ಪ್ರಯೋಗ ಮುಟ್ಟಿರುವ 10ರ ಮೈನಸ್ 16ನೇ ಘಾತ ಸೆಂಟಿಮೀಟರಿನಿಂದ ಪ್ಲಾಂಕ್ ಉದ್ದವಾದ 10ರ ಮೈನಸ್ 33ನೇ ಘಾತದವರೆಗೆ ಅದಕ್ಕೆ ಬೇಕಾದಷ್ಟು ಜಾಗವಿದೆ ಎನ್ನುತ್ತಾರೆ. ಜಾಗವೇನೋ ಇದೆ, ಆದರೆ ಅಲ್ಲಿ ಏನಿದೆ ಎಂದು ಒಂದು ಸಮೀಕರಣವನ್ನೂ ಕೊಡುವುದಿಲ್ಲ. ಅಲೆ ಕಣವನ್ನು ನಡೆಸುತ್ತದೆ, ಕಣ ಅಲೆಯನ್ನು ಏನೂ ಮಾಡುವುದಿಲ್ಲ ಎಂಬ ಏಕಮುಖ ಸಂಬಂಧಕ್ಕೂ 'ಮಾಹಿತಿ' ಎಂಬ ಪದ ಹೊದಿಕೆಯಾಗುತ್ತದೆ, ವಿವರಣೆಯಾಗುವುದಿಲ್ಲ.

ಎರಡು ಸೀಳಿನ ಚಿತ್ರಗಳು ಪುಸ್ತಕದ ಆಕರ್ಷಣೆ. ಪರದೆಯ ಕಡೆಗೆ ಹೋದಂತೆ ಕ್ವಾಂಟಂ ಪೊಟೆನ್ಷಿಯಲ್ ಅಗಲ ಮೇಜುಗಳಂಥ ಮಟ್ಟಸ ಪ್ರದೇಶಗಳಾಗಿ, ನಡುನಡುವೆ ಇಕ್ಕಟ್ಟಾದ ಆಳ ಕಣಿವೆಗಳಾಗಿ ಕಾಣುತ್ತದೆ. ಮೇಜಿನ ಮೇಲಿನ ಕಣ ನೇರ ಸಾಗುತ್ತದೆ. ಕಣಿವೆಗೆ ಬಂದದ್ದು ರಭಸದಿಂದ ಪಕ್ಕದ ಮೇಜಿಗೆ ಎಸೆಯಲ್ಪಡುತ್ತದೆ. ಕಣಿವೆ ಇದ್ದಲ್ಲಿ ಕಪ್ಪು ಪಟ್ಟಿ, ಮೇಜು ಇದ್ದಲ್ಲಿ ಬಿಳಿ ಪಟ್ಟಿ. ಮೇಲಿನ ಸೀಳಿನಿಂದ ಬಂದ ಕಣ ಪರದೆಯ ಮೇಲರ್ಧಕ್ಕೇ ಬೀಳುತ್ತದೆ, ನಡುಗೆರೆ ದಾಟುವುದಿಲ್ಲ.

ಈ ಚಿತ್ರಗಳನ್ನು ಪುನಃ ಮಾಡಿಕೊಳ್ಳಲು ಬೇಕಾದ ವಿವರವನ್ನು ಪುಸ್ತಕ ಕೊಡುವುದಿಲ್ಲ; ಇದೊಂದು ಕೊರತೆ. ಪೈಥಾನ್ ಬರುವವರು ಹೀಗೆ ಮಾಡಬಹುದು. ಹೆಚ್-ಬಾರ್, ದ್ರವ್ಯರಾಶಿ ಎರಡೂ 1 ಎಂದಿಟ್ಟುಕೊಳ್ಳಿ. ಪ್ಲಸ್ 10 ಮತ್ತು ಮೈನಸ್ 10ರಲ್ಲಿ ಅಗಲ 1 ಇರುವ ಎರಡು ಗಾಸಿಯನ್ ಅಲೆಗಳನ್ನಿಟ್ಟು ಕೂಡಿಸಿ. ಇವುಗಳ ವಿಕಾಸಕ್ಕೆ ಸಿದ್ಧ ಸೂತ್ರವಿರುವುದರಿಂದ ಸಮೀಕರಣವನ್ನು ಗ್ರಿಡ್ ಮೇಲೆ ಬಿಡಿಸುವ ಗೋಜಿಲ್ಲ. ಅಗಲ ಬೆಳೆಯುವುದು ಒಂದು ಕೂಡಿಸು ಕಾಲವರ್ಗದ ಕಾಲು ಭಾಗ, ಅದರ ವರ್ಗಮೂಲದಂತೆ. ಕಾಲ 50ರಲ್ಲಿ ಸುಮಾರು 25, ಪಟ್ಟಿಗಳ ಅಂತರ ಸುಮಾರು 15.7. ವೇಗಕ್ಕೆ 'ಎಸ್' ಅನ್ನು ಬಿಡಿಸಿ ತೆಗೆಯಬೇಡಿ, ಫೇಸ್ ಎರಡು ಪೈ ಜಿಗಿದಲ್ಲೆಲ್ಲ ಸುಳ್ಳು ವೇಗ ಬರುತ್ತದೆ. ವೇವ್ ಫಂಕ್ಷನ್ನಿನ ಡೆರಿವೆಟಿವ್ ಭಾಗಿಸು ವೇವ್ ಫಂಕ್ಷನ್, ಅದರ ಕಾಲ್ಪನಿಕ ಭಾಗ: ಇಷ್ಟೇ ವೇಗ. ನಾಲ್ಕನೇ ದರ್ಜೆಯ ರುಂಗೆ–ಕುಟ್ಟಾ ಸಾಕು, ಆದರೆ ಕಾಲದ ಹೆಜ್ಜೆ ತಾನಾಗಿ ಚಿಕ್ಕದಾಗುವಂತಿರಬೇಕು. ಅಲೆ ಸೊನ್ನೆಗೆ ಹತ್ತಿರವಿರುವಲ್ಲಿ ವೇಗ ಒಮ್ಮೆಲೇ ಏರುತ್ತದೆ; ಹೆಜ್ಜೆ ದೊಡ್ಡದಿದ್ದರೆ ಕಣ ಹಾರಿ ಆಚೆಗೆ ಬೀಳುತ್ತದೆ. ಒಂದೇ ಆಯಾಮದಲ್ಲಿ ಎರಡು ಪಥಗಳು ಒಂದನ್ನೊಂದು ದಾಟಿದರೆ ಅದು ಭೌತಶಾಸ್ತ್ರವಲ್ಲ, ನಿಮ್ಮ ಪ್ರೋಗ್ರಾಮಿನ ತಪ್ಪು. ಮೊದಲ ಪರೀಕ್ಷೆಗೆ ಒಂದೇ ಗಾಸಿಯನ್ ಇಡಿ: ಕಾಲ 2ರಲ್ಲಿ ಪ್ರತಿ ಕಣವೂ ಕೇಂದ್ರದಿಂದ ಮೊದಲಿದ್ದ ದೂರದ 1.414 ಪಟ್ಟಿನಲ್ಲಿ ಇರಲೇಬೇಕು. ಗ್ರಿಡ್ ಮತ್ತು ಫೋರಿಯರ್ ವಿಧಾನ ಬಳಸುವವರಿಗೆ ಇನ್ನೆರಡು ಗುಂಡಿ ಕಾದಿವೆ. ಒಂದು, ಅಂಚಿನಿಂದ ಹೊರಹೋದ ಅಲೆ ಇನ್ನೊಂದು ಅಂಚಿನಿಂದ ಒಳಬರುತ್ತದೆ. ಇನ್ನೊಂದು, ಬಾಲದ ತುದಿಯಲ್ಲಿ ಅಲೆಗಿಂತ ಲೆಕ್ಕದ ದೋಷವೇ ದೊಡ್ಡದಾಗಿ ಅಲ್ಲಿನ ಕಣಗಳು ದಿಕ್ಕು ತಪ್ಪುತ್ತವೆ.

ಕ್ವಾಂಟಂ ಪೊಟೆನ್ಷಿಯಲ್ಲಿನ ಗ್ರೇಡಿಯೆಂಟಿನಿಂದ ಬಲ ಲೆಕ್ಕಹಾಕಿ ನ್ಯೂಟನ್ ರೀತಿಯಲ್ಲಿ ವೇಗೋತ್ಕರ್ಷ ಕಂಡುಹಿಡಿಯುವ ಆಸೆಯೂ ಬೇಡ. ಮೊದಲ ವೇಗದಲ್ಲಿ ಕೂದಲೆಳೆ ತಪ್ಪಿದರೂ ಅದು ಸರಿಹೋಗುವುದಿಲ್ಲ, ಬೆಳೆಯುತ್ತದೆ. 1952ರ ಬೋಮ್ ವೇಗದ ಸೂತ್ರವನ್ನು ಸಡಿಲಿಸಬಹುದು ಎಂದಿದ್ದರು. ಅಂಥ ಸಿದ್ಧಾಂತ ಅಸ್ಥಿರವೆಂದು 2014ರಲ್ಲಿ ಕೋಲಿನ್ ಮತ್ತು ವ್ಯಾಲೆಂಟಿನಿ ತೋರಿಸಿದರು. ಡ್ಯೂರ್, ಗೋಲ್ಡ್‌ಸ್ಟೈನ್, ಜಾಂಗಿ ಎಂಬ ಮೂವರ ಬಳಗ ಕ್ವಾಂಟಂ ಪೊಟೆನ್ಷಿಯಲ್ಲನ್ನೇ ಬದಿಗಿಟ್ಟು ವೇಗದ ಸೂತ್ರವೊಂದೇ ಸಾಕು ಎಂದು 1992ರಿಂದ ಹೇಳುತ್ತಾ ಬಂದಿದೆ. ಲೆಕ್ಕದ ಮಟ್ಟಿಗೆ ಅವರ ಮಾತೇ ಸರಿ. ಕಣ ಯಾಕೆ ಹೀಗೆ ತಿರುಗಿತು ಎಂದು ಕಣ್ಣಿಗೆ ಕಟ್ಟುವಂತೆ ಹೇಳುವುದು ಮಾತ್ರ ಕ್ವಾಂಟಂ ಪೊಟೆನ್ಷಿಯಲ್ಲೇ. ಪುಸ್ತಕದ ಚಿತ್ರಗಳನ್ನು ನೋಡಿದವರು ಅದನ್ನು ಸುಲಭವಾಗಿ ಬಿಟ್ಟುಕೊಡಲಾರರು.

ಪುಸ್ತಕದ ನಿಜವಾದ ಬೆಲೆ ಇರುವುದು ಐದು ಮತ್ತು ಆರನೇ ಅಧ್ಯಾಯಗಳಲ್ಲಿ. ಸಾಮಾನ್ಯ ಪಠ್ಯಗಳಲ್ಲಿ ಅಳತೆ ಎನ್ನುವುದು ಬೇರೆಯೇ ನಿಯಮವಿರುವ ಪವಾಡ. ಇಲ್ಲಿ ಕ್ರಮ ಅದಲುಬದಲು: ಮೊದಲು ಯಾರೂ ನೋಡದಿದ್ದಾಗ ನಡೆಯುವ ಸ್ಥಿತ್ಯಂತರ, ಆಮೇಲೆ ಅದರದೇ ವಿಶೇಷ ಪ್ರಕರಣವಾಗಿ ಅಳತೆ. ಅಳೆಯಬೇಕಾದ ವ್ಯವಸ್ಥೆ ಮತ್ತು ಉಪಕರಣ ಒಂದಕ್ಕೊಂದು ತಾಗಿದಾಗ ಒಟ್ಟು ಅಲೆ ಹಲವು ಕವಲಾಗಿ, ಕವಲುಗಳು ಉಪಕರಣದ ಮುಳ್ಳಿನ ಸ್ಥಾನದಲ್ಲಿ ಬೇರೆಬೇರೆಯಾಗುತ್ತವೆ. ಕಣಗಳು ಯಾವುದೋ ಒಂದು ಕವಲಿಗೆ ಸೇರುತ್ತವೆ. ಉಳಿದವು ಖಾಲಿ ಕವಲುಗಳು. ಅವು ಮಾಯವಾಗುವುದಿಲ್ಲ, ಆದರೆ ಅವುಗಳ ಮಾಹಿತಿ ನಿಷ್ಕ್ರಿಯ.

ಖಾಲಿ ಕವಲು ಮತ್ತೆ ಬಂದು ಸೇರಿದರೆ? ಸೇರಬಹುದು, ಎರಡು ಸೀಳಿನಲ್ಲಿ ಆಗುವುದೇ ಅದು. ಉಪಕರಣ ಸೇರಿದ ಮೇಲೆ ಯಾಕಾಗದು ಎನ್ನುವುದಕ್ಕೆ ಒಂದು ಅಂದಾಜು ಹಾಕಿ. ಉಪಕರಣದ ಪ್ರತಿಯೊಂದು ಕಣಕ್ಕೂ ಎರಡು ಕವಲುಗಳ ಅತಿವ್ಯಾಪ್ತಿ (ಒಂದರ ಮೇಲೊಂದು ಬೀಳುವ ಪ್ರಮಾಣ) 0.9 ಎಂದಿರಲಿ, ಅಂದರೆ ಒಂದೊಂದು ಕಣ ಕದಲಿರುವುದೇ ಅಲ್ಪ. ಒಟ್ಟು ಅತಿವ್ಯಾಪ್ತಿ ಇವುಗಳ ಗುಣಲಬ್ಧ. 100 ಕಣಕ್ಕೆ ಅದು ಲಕ್ಷದಲ್ಲಿ ಸುಮಾರು ಮೂರು ಪಾಲು. 1000 ಕಣಕ್ಕೆ ದಶಮಾಂಶ ಬಿಂದುವಿನ ನಂತರ 45 ಸೊನ್ನೆ. ನಿಜವಾದ ಉಪಕರಣದಲ್ಲಿ ಕಣಗಳು ಕೋಟಿ ಕೋಟಿ. ಅಲೆ ಕುಸಿಯಬೇಕಾಗಿಲ್ಲ, ನೋಡುವ ಮನಸ್ಸೂ ಬೇಡ, ಶ್ರೋಡಿಂಗರ್ ಸಮೀಕರಣ ಎಲ್ಲೂ ಮುರಿಯುವುದಿಲ್ಲ. ಶ್ರೋಡಿಂಗರ್‌ರ ಬೆಕ್ಕಿನ ಸಮಸ್ಯೆ, ಕಾಯುತ್ತಾ ಕೂತರೆ ಕುದಿಯದ ಪಾತ್ರೆಯ ಸಮಸ್ಯೆ, ತಡವಾದ ಆಯ್ಕೆಯ ಪ್ರಯೋಗ, ಎಲ್ಲವೂ ಇದೇ ಯಂತ್ರದಲ್ಲಿ ಬಗೆಹರಿಯುತ್ತವೆ.

ಇದಕ್ಕೆ ಬೆಲೆಯೂ ಇದೆ, ಅದನ್ನು ಲೇಖಕರು ಮುಚ್ಚಿಡುವುದಿಲ್ಲ. ಸ್ಥಾನ ಬಿಟ್ಟರೆ ಬೇರೆ ಯಾವ ಅಳತೆಯೂ ಮೊದಲೇ ಇದ್ದುದನ್ನು ಓದುವುದಲ್ಲ. ಸ್ಪಿನ್ನಿನ 'ಮೇಲೆ' ಅಥವಾ 'ಕೆಳಗೆ' ಎನ್ನುವುದು ಕಣ ಮತ್ತು ಅಯಸ್ಕಾಂತ ಸೇರಿ ಉಂಟುಮಾಡಿದ ಫಲ. ವಾನ್ ನ್ಯೂಮನ್ ವಾದ ಇಲ್ಲಿಗೆ ತಟ್ಟದಿರುವುದೂ ಇದರಿಂದಲೇ.

ಏಳನೇ ಅಧ್ಯಾಯ ಜಾನ್ ಬೆಲ್ ಇಲ್ಲದೆ ಇಲ್ಲ. ಬೆಲ್ ತಮ್ಮ ಅಸಮಾನತೆಗೆ (ದೂರದ ಪ್ರಭಾವವಿಲ್ಲದ ಯಾವ ಸಿದ್ಧಾಂತವೂ ದಾಟಲಾಗದ ಮಿತಿ) ತಲುಪಿದ್ದೇ ಬೋಮ್‌ರ 1952ರ ಲೇಖನ ಓದಿ, ಈ ಸ್ಥಳಾತೀತ ಸಂಬಂಧ ತಪ್ಪಿಸಲಾಗದ್ದೇ ಎಂದು ಕೇಳಿಕೊಂಡು. ಎರಡು ಕಣಗಳಿಗೆ ಅಲೆ ಆರು ಆಯಾಮಗಳಲ್ಲಿ ಹರಡಿರುತ್ತದೆ. ಒಂದರ ವೇಗ ಇನ್ನೊಂದು ಈ ಕ್ಷಣ ಎಲ್ಲಿದೆ ಎನ್ನುವುದರ ಮೇಲೆ ನಿಂತಿದೆ, ನಡುವೆ ಎಷ್ಟೇ ದೂರವಿದ್ದರೂ. ಆದರೂ ಇದರಿಂದ ಸಂದೇಶ ಕಳಿಸಲಾಗದು, ಏಕೆಂದರೆ ಕಣಗಳ ಹಂಚಿಕೆ 'ಆರ್' ವರ್ಗಕ್ಕೆ ಸರಿಯಾಗಿರುವವರೆಗೆ ಸರಾಸರಿಯಲ್ಲಿ ಎಲ್ಲ ಅಳಿಸಿಹೋಗುತ್ತದೆ. 'ಈ ಕ್ಷಣ' ಎಂದರೆ ಯಾರ ಗಡಿಯಾರದ ಕ್ಷಣ? ಹನ್ನೆರಡನೇ ಅಧ್ಯಾಯದಲ್ಲಿ ಇದಕ್ಕೆ ಸಿಗುವ ಉತ್ತರ: 'ಈ ಕ್ಷಣ'ವನ್ನು ನಿರ್ಧರಿಸುವ ಒಂದು ವಿಶೇಷ ವೀಕ್ಷಣಾ ಚೌಕಟ್ಟು ಇದೆ, ಪ್ರಯೋಗದ ಅಂಕಿಅಂಶಗಳಲ್ಲಿ ಮಾತ್ರ ಅದು ಕಾಣದು. ಪುಸ್ತಕದ ಅತಿ ದುರ್ಬಲ ಜಾಗ ಇದು. ತಾರ್ಕಿಕವಾಗಿ ತಪ್ಪಿಲ್ಲ, ಆದರೆ ಬೆಳಕಿನ ಮಾಧ್ಯಮವೆಂದು ಹಿಂದೆ ನಂಬಿದ್ದ ಕಾಣದ ಈಥರನ್ನು ಒಂದು ಬಾಗಿಲಿನಿಂದ ಹೊರಹಾಕಿ ಇನ್ನೊಂದರಿಂದ ಕರೆದ ಹಾಗಾಯಿತು.

'ಆರ್' ವರ್ಗದ ಹಂಚಿಕೆ ಎಲ್ಲಿಂದ ಬಂತು ಎನ್ನುವುದಕ್ಕೆ ಎರಡು ದಾರಿ: ಬಹುಕಣ ವ್ಯವಸ್ಥೆಯ ಗೊಂದಲಮಯ ಪಥಗಳು ತಾವಾಗಿ ಅಲ್ಲಿಗೆ ಬರುತ್ತವೆ ಎನ್ನುವುದು ಒಂದು, ಕೆಳಸ್ತರದ ಯಾದೃಚ್ಛಿಕ ಕದಲಿಕೆ ಅಲ್ಲಿಗೆ ತಳ್ಳುತ್ತದೆ ಎನ್ನುವುದು ಇನ್ನೊಂದು. ಎರಡನೆಯದರ ಬೇರು ಬೋಮ್ ಮತ್ತು ವಿಜಿಯೇ 1954ರಲ್ಲಿ ಬರೆದ ಲೇಖನದಲ್ಲಿದೆ. ಇದೆಲ್ಲ ಇರುವ ಒಂಬತ್ತನೆಯದು ಓದಲೇಬೇಕಾದ ಅಧ್ಯಾಯ, ಆದರೆ ಮೂರನೆಯದಾದ ಕೂಡಲೇ ಓದಿ; ಪುಸ್ತಕದ ಕ್ರಮದಲ್ಲಿ ತಡವಾಗಿ ಬರುತ್ತದೆ.

ಫೋಟಾನಿಗೆ ಪಥ ಹುಡುಕುವವರು ಹನ್ನೊಂದನೇ ಅಧ್ಯಾಯಕ್ಕೆ ಮುಂಚೆಯೇ ಎಚ್ಚರವಾಗಿರಿ: ಇಲ್ಲಿ ಬೆಳಕು ಕಣವಲ್ಲ, ಕ್ಷೇತ್ರ. ಕ್ಷೇತ್ರಕ್ಕೇ ನಿಶ್ಚಿತ ರೂಪವಿದೆ, ಅದನ್ನು ನಡೆಸುವುದು 'ಸೂಪರ್ ಕ್ವಾಂಟಂ ಪೊಟೆನ್ಷಿಯಲ್'. ಹರಡಿದ್ದ ಶಕ್ತಿ ಒಂದು ಪರಮಾಣುವಿನಲ್ಲಿ ಬಂದು ಸೇರಿದಾಗ ನಮಗೆ ಒಂದು ಚುಕ್ಕೆ ಕಾಣುತ್ತದೆ. ಎಲೆಕ್ಟ್ರಾನ್ ಮಾತ್ರ ಕಣವಾಗಿಯೇ ಉಳಿಯುತ್ತದೆ. ಫೋಟಾನಿನಂಥ ಬೋಸಾನಿಗೊಂದು ನೀತಿ, ಎಲೆಕ್ಟ್ರಾನಿನಂಥ ಫರ್ಮಿಯಾನಿಗೊಂದು ನೀತಿ ಯಾಕೆ ಎಂಬುದಕ್ಕೆ ತೃಪ್ತಿಯಾಗುವ ಕಾರಣ ಸಿಗುವುದಿಲ್ಲ. 2011ರಲ್ಲಿ ಟೊರಾಂಟೊದಲ್ಲಿ ದುರ್ಬಲ ಅಳತೆಗಳಿಂದ (ಕಣವನ್ನು ತೀರಾ ಅಲ್ಪವಾಗಿ ಕದಲಿಸುವ ಅಳತೆಗಳು) ಫೋಟಾನುಗಳ ಸರಾಸರಿ ಪಥ ಎಳೆದಾಗ ಅದು ಬೋಮ್ ಚಿತ್ರದಂತೆಯೇ ಇದೆ ಎಂದು ಪತ್ರಿಕೆಗಳು ಬರೆದವು. ಅದು ಸರಾಸರಿ, ಒಂದೇ ಫೋಟಾನಿನ ದಾರಿಯಲ್ಲ. ಈ ಪುಸ್ತಕದ ಪ್ರಕಾರ ಫೋಟಾನಿಗೆ ದಾರಿಯೇ ಇಲ್ಲ. ಬಹುವಿಶ್ವ ಮತ್ತು ಇತರ ವ್ಯಾಖ್ಯಾನಗಳ ವಿಮರ್ಶೆಯಿರುವ 13, 14ನೇ ಅಧ್ಯಾಯಗಳಿಗೆ ವಯಸ್ಸಾಗಿದೆ, ಬಿಟ್ಟರೂ ನಷ್ಟವಿಲ್ಲ.

ಕೊನೆಯದು ಇಂಪ್ಲಿಕೇಟ್ ಆರ್ಡರ್, ಅಂದರೆ ಕಣ್ಣಿಗೆ ಕಾಣದಂತೆ ಒಳಗೆ ಮಡಿಚಿಕೊಂಡಿರುವ ಕ್ರಮ. ಒಂದರೊಳಗೊಂದಿರುವ ಎರಡು ಗಾಜಿನ ಉರುಳೆಗಳ ನಡುವೆ ಗ್ಲಿಸರಿನ್, ಅದರಲ್ಲಿ ಒಂದು ತೊಟ್ಟು ಶಾಯಿ. ತಿರುಗಿಸಿದರೆ ಶಾಯಿ ಎಳೆಎಳೆಯಾಗಿ ಕಾಣದಾಗುತ್ತದೆ, ಹಿಂದಕ್ಕೆ ತಿರುಗಿಸಿದರೆ ತೊಟ್ಟು ಮರಳುತ್ತದೆ. ಮನೆಯಲ್ಲೇ ಮಾಡಬಹುದಾದ ಪ್ರಯೋಗ. ತಿರುಗಿಸುವ ಕೈ ನಿಧಾನವಿರಬೇಕು, ಶಾಯಿಯನ್ನೂ ಗ್ಲಿಸರಿನ್ನಿನಲ್ಲೇ ಕಲಸಿರಬೇಕು, ತುಂಬಾ ಹೊತ್ತು ಬಿಟ್ಟರೆ ಶಾಯಿ ನಿಜವಾಗಿಯೇ ಹರಡಿಕೊಂಡು ತೊಟ್ಟು ಮಸುಕಾಗುತ್ತದೆ. ಹೋಲಿಕೆ ಸೊಗಸು. ಆದರೆ ಅಲ್ಲಿಂದ ಬೀಜಗಣಿತಕ್ಕೆ ಜಿಗಿಯುವಾಗ ಪಥಗಳು, ಕ್ವಾಂಟಂ ಪೊಟೆನ್ಷಿಯಲ್, ಹದಿನಾಲ್ಕು ಅಧ್ಯಾಯ ಕಷ್ಟಪಟ್ಟು ಕಟ್ಟಿದ್ದೆಲ್ಲ ಹಿಂದೆ ಬೀಳುತ್ತದೆ, ಹೊಸದು ಇನ್ನೂ ನಿಂತಿರುವುದಿಲ್ಲ.

ಒಂದೇ ಪುಸ್ತಕ ಕೊಳ್ಳುವವರಿಗೆ ಆಯ್ಕೆ ಹೀಗೆ. ಲೆಕ್ಕಗಳನ್ನು ಹಂತಹಂತವಾಗಿ ಕಲಿಯಬೇಕು, ಸ್ಪಿನ್ ಮತ್ತು ಚದುರುವಿಕೆಯ ಉದಾಹರಣೆ ಬೇಕು ಎನ್ನುವವರಿಗೆ ಅದೇ 1993ರಲ್ಲಿ ಕೇಂಬ್ರಿಡ್ಜ್‌ನಿಂದ ಬಂದ ಪೀಟರ್ ಹಾಲೆಂಡ್‌ರ 'ದಿ ಕ್ವಾಂಟಂ ಥಿಯರಿ ಆಫ್ ಮೋಷನ್' ಹೆಚ್ಚು ಉಪಯೋಗ. ಅಳತೆಯ ಸಮಸ್ಯೆ ತಲೆ ತಿನ್ನುತ್ತಿದ್ದರೆ ಬೋಮ್ ಮತ್ತು ಹೈಲಿ. ಓದುವ ಕ್ರಮ: 3, 9, 4, 5, 6, 7, ಆಮೇಲೆ 11, ಉಳಿದದ್ದು ಬೇಕೆನಿಸಿದಾಗ. ಫೋನಿನ ಪರದೆಯ ಮೇಲೆ ಬೇಡ: ಆರನೇ ಅಧ್ಯಾಯ ಓದುವಾಗ ಮೂರು, ನಾಲ್ಕನೆಯದರ ಸಮೀಕರಣಗಳಿಗೆ ಮತ್ತೆ ಮತ್ತೆ ಹಿಂದೆ ಹೋಗಬೇಕಾಗುತ್ತದೆ, ಪುಟಗಳ ನಡುವೆ ಬೆರಳಿಟ್ಟುಕೊಳ್ಳಲು ಕಾಗದದ ಪ್ರತಿಯೇ ಆಗಬೇಕು.